ದ್ಯೂತವೂ ದಾನವೂ: ಬಹುಮಾನದ ಚೀಟಿಯ ಚರಿತ್ರೆ

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳನ್ನು ಎಣಿಸುವಾಗ ಜೈನಾಚಾರ್ಯರು ದ್ಯೂತವನ್ನು ಮೊದಲನೆಯ ಸ್ಥಾನದಲ್ಲಿರಿಸಿದ್ದಾರೆ. ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಚೌರ್ಯ, ಪರಸ್ತ್ರೀಸಂಗಗಳು ಅದರ ಅನಂತರ ಬರುತ್ತವೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ದ್ಯೂತವನ್ನು ಅಸತ್ಯ ಮತ್ತು ಚೌರ್ಯಗಳೊಂದಿಗೆ ಜೋಡಿಸಿ, ಅದರಿಂದ ದೂರವಿರಬೇಕೆಂದು ವಿಧಿಸಿದ್ದಾರೆ. ಒಂದು ವ್ಯಸನವು ಉಳಿದ ವ್ಯಸನಗಳಿಗೆ ಬಾಗಿಲು ತೆರೆಯುವುದೆಂಬ ಅರಿವು ಈ ವಿಧಿಯ ಹಿಂದಿದೆ. ಜೂಜಿನಿಂದ ರಾಜ್ಯವೂ ಮಾನವೂ ಹೋದ ಕಥೆಯನ್ನು ಆದಿಕವಿ ಪಂಪನ ಭಾರತದಿಂದ ಕನ್ನಡಿಗರು ಸಾವಿರ ವರ್ಷಗಳಿಂದ ಅರಿತಿದ್ದಾರೆ.

ಆದರೆ ದ್ಯೂತವು ಸದಾ ಪಗಡೆಯ ಹಾಸಿನ ಮೇಲೆಯೇ ಕಾಣಿಸಿಕೊಳ್ಳುವುದಿಲ್ಲ. ಇಂದು ಅದು ಕೈಯಲ್ಲಿನ ದೂರವಾಣಿಯ ಮೂಲಕವೂ ಮನೆಗೆ ಬರುತ್ತದೆ. ನೂರು ರೂಪಾಯಿ ಪಾವತಿಸಿದರೆ ಒಂದು ಸಂಖ್ಯೆ ದೊರೆಯುತ್ತದೆ. ಗೊತ್ತಾದ ದಿನ ಚೀಟಿ ಎತ್ತಿ, ಒಬ್ಬರಿಗೆ ಕಾರು, ಇನ್ನೊಬ್ಬರಿಗೆ ಚಿನ್ನದ ನಾಣ್ಯ ಎಂದು ಘೋಷಿಸಲಾಗುತ್ತದೆ. ಇದೇ ಕ್ರಮವನ್ನು ಬಸದಿಯ ಜೀರ್ಣೋದ್ಧಾರಕ್ಕೋ ವಿದ್ಯಾರ್ಥಿನಿಲಯಕ್ಕೋ ಅನುಸರಿಸಿದರೆ ತಪ್ಪೇನು ಎಂಬ ಪ್ರಶ್ನೆ ವಿಶ್ವಸ್ತ ಮಂಡಳಿಗಳ ಮುಂದೆ ಬರುವುದು ಅಸಹಜವಲ್ಲ. ಉದ್ದೇಶವು ಪವಿತ್ರವಾದರೆ ಸಾಧನವೂ ಪವಿತ್ರವಾಗುವುದೇ? ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿದೆ.

ಜೂಜನ್ನು ಸಂಪೂರ್ಣವಾಗಿ ನಿಷೇಧಿಸಬೇಕೇ, ನಿಯಂತ್ರಿಸಿ ತೆರಿಗೆ ಪಡೆಯಬೇಕೇ ಎಂಬ ದ್ವಂದ್ವ ರಾಜ್ಯಾಡಳಿತಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದರಷ್ಟನ್ನು ಪಡೆಯಬೇಕೆಂದು ಹೇಳಿತು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕಲ್ಕತ್ತೆಯ ಪುರಭವನವು ಲಾಟರಿಯ ಹಣದಿಂದ ನಿರ್ಮಾಣವಾಗಿ 1813ರಲ್ಲಿ ಪೂರ್ಣಗೊಂಡಿತು. 1817ರಲ್ಲಿ ರಚಿತವಾದ ಲಾಟರಿ ಸಮಿತಿಯು ಅದೇ ಬಗೆಯ ಹಣದಿಂದ ಆ ನಗರದ ರಸ್ತೆಗಳನ್ನು ಮಾಡಿಸಿತು. ಲೋಕೋಪಯೋಗಕ್ಕಾಗಿ ಚೀಟಿ ಎತ್ತುವ ವಾದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆದರೂ 1844ರಲ್ಲಿ ಸರ್ಕಾರದ ಅನುಮತಿಯಿಲ್ಲದ ಲಾಟರಿಗಳನ್ನು ಕಾನೂನಿನಿಂದ ನಿಷೇಧಿಸಲಾಯಿತು. 1870ರಲ್ಲಿ ಭಾರತೀಯ ದಂಡಸಂಹಿತೆಗೆ 294-ಎ ಎಂಬ ಕಲಮು ಸೇರಿತು. ಅನಧಿಕೃತ ಲಾಟರಿಗಾಗಿ ಕಚೇರಿ ನಡೆಸುವುದು ಮತ್ತು ಅಂತಹ ಚೀಟಿಯ ಪ್ರಸ್ತಾಪವನ್ನು ಪ್ರಕಟಿಸುವುದು, ಎರಡೂ ಅಪರಾಧಗಳಾದವು.

ದೂರದಿಂದ ಆಡುವ ಆಟಕ್ಕೆ ಕಾನೂನು ಹೇಗೆ ಅನ್ವಯಿಸುವುದೆಂಬ ಪ್ರಶ್ನೆಯು ಅಂತರಜಾಲ ಬರುವುದಕ್ಕೆ ಬಹಳ ಮುಂಚೆಯೇ ಎದ್ದಿತ್ತು. ಅದರ ಮೂಲ ಬೆಂಗಳೂರಿನಲ್ಲಿದ್ದುದು ಗಮನಾರ್ಹ. ಸ್ವಾತಂತ್ರ್ಯಾನಂತರದ ವರ್ಷಗಳಲ್ಲಿ ಆರ್.ಎಂ.ಡಿ. ಚಮರಬಾಗವಾಲಾ ಅವರ ಕಂಪನಿಯು ಬೆಂಗಳೂರಿನಲ್ಲಿ ಮುದ್ರಣವಾಗುತ್ತಿದ್ದ ‘ದಿ ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ಪದಬಂಧದ ಬಹುಮಾನ ಸ್ಪರ್ಧೆಗಳನ್ನು ನಡೆಸುತ್ತಿತ್ತು. ಪತ್ರಿಕೆ ಅಚ್ಚಾಗುತ್ತಿದ್ದುದು ಮೈಸೂರು ರಾಜ್ಯದಲ್ಲಿ; ಪ್ರವೇಶಶುಲ್ಕ ತೆತ್ತವರಲ್ಲಿ ಬಹುಮಂದಿ ಮುಂಬಯಿ ರಾಜ್ಯದವರು. ಮುಂಬಯಿ ಸರ್ಕಾರವು 1948ರ ತನ್ನ ಕಾಯಿದೆಯನ್ನು 1952ರಲ್ಲಿ ತಿದ್ದಿ, ಹೊರರಾಜ್ಯದ ಪತ್ರಿಕೆಗಳ ಸ್ಪರ್ಧೆಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಕಂಪನಿಯು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಜಯ ಪಡೆಯಿತು. ಸರ್ಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು.

1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ನೀಡಿದ ತೀರ್ಪು ಎರಡು ಕಾರಣಗಳಿಂದ ಸ್ಮರಣೀಯವಾಗಿದೆ. ಮೊದಲನೆಯದು, ಪತ್ರಿಕೆ ಎಲ್ಲಿ ಅಚ್ಚಾಯಿತೆಂಬುದು ಮುಖ್ಯವಲ್ಲ. ಸ್ಪರ್ಧಿಗಳು ಇರುವ ಸ್ಥಳ, ಅವರ ಹಣ ಸಂಗ್ರಹವಾಗುವ ಸ್ಥಳ ಮುಖ್ಯ ಎಂಬುದು. ಎರಡನೆಯದು, ಜೂಜು ಸಂವಿಧಾನವು ರಕ್ಷಿಸುವ ವ್ಯಾಪಾರವೇ ಅಲ್ಲ ಎಂಬುದು. ಈ ಎರಡನೆಯ ನಿರ್ಣಯಕ್ಕೆ ಬರುವ ಮುನ್ನ ನ್ಯಾಯಾಲಯವು ಋಗ್ವೇದದ ಜೂಜುಗಾರನ ಸೂಕ್ತವನ್ನೂ ಮಹಾಭಾರತವನ್ನೂ ಧರ್ಮಶಾಸ್ತ್ರಗಳನ್ನೂ ಪರಾಮರ್ಶಿಸಿತು. ಜೈನಾಚಾರ್ಯರು ವ್ಯಸನವೆಂದು ಕರೆದುದನ್ನು ಗಣರಾಜ್ಯದ ನ್ಯಾಯಪೀಠವು ವ್ಯಾಪಾರವೆಂದು ಒಪ್ಪಲಿಲ್ಲ. ಆ ವೇಳೆಗೆ ಸಂಸತ್ತು ಕೂಡ 1955ರ ಬಹುಮಾನ ಸ್ಪರ್ಧೆಗಳ ಕಾಯಿದೆಯಿಂದ, ಯಾವುದೇ ತಿಂಗಳಲ್ಲಿ ಬಹುಮಾನದ ಒಟ್ಟು ಮೌಲ್ಯ 1,000 ರೂಪಾಯಿಗಳನ್ನು ಅಥವಾ ಪ್ರವೇಶಗಳು 2,000ವನ್ನು ಮೀರುವಂತಹ ಪದಬಂಧ ಸ್ಪರ್ಧೆಗಳನ್ನು ನಿಷೇಧಿಸಿತ್ತು.

ಸರ್ಕಾರಗಳು ತಾವೇ ಲಾಟರಿ ನಡೆಸಿದ ಅಧ್ಯಾಯವೂ ಉಂಟು. 1967ರಲ್ಲಿ ಕೇರಳವು ಇದಕ್ಕೆಂದೇ ಇಲಾಖೆಯನ್ನು ತೆರೆಯಿತು. ಅನೇಕ ರಾಜ್ಯಗಳು ಅದೇ ದಾರಿ ಹಿಡಿದವು. ಸಂಸತ್ತು 1998ರಲ್ಲಿ ಲಾಟರಿ ನಿಯಂತ್ರಣ ಕಾಯಿದೆಯನ್ನು ತಂದು, ರಾಜ್ಯಗಳ ಲಾಟರಿಗಳಿಗೂ ಷರತ್ತುಗಳನ್ನು ವಿಧಿಸಿತು. ಸರ್ಕಾರವೇ ನಡೆಸಿದರೂ ಲಾಟರಿಯ ಜೂಜಿನ ಸ್ವರೂಪ ಅಳಿಯುವುದಿಲ್ಲವೆಂದು 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಕರ್ನಾಟಕದಲ್ಲಿ ಬಡವರ ದಿನಗೂಲಿಯು ಟಿಕೆಟ್ಟಿನ ಅಂಗಡಿಗೆ ಸೇರುತ್ತಿದೆಯೆಂಬ ಕೂಗು ಬಲವಾಗಿ, 2007ರಲ್ಲಿ ಲಾಟರಿಯನ್ನೇ ನಿಷೇಧಿಸಲಾಯಿತು. ತನ್ನ ಆದಾಯವನ್ನು ಸರ್ಕಾರವೇ ತ್ಯಜಿಸಿದ ಪ್ರಸಂಗವಿದು.

ಹಾಗಾದರೆ ಇಂದು ಒಂದು ವಿಶ್ವಸ್ತ ಮಂಡಳಿಯು ಅಂತರಜಾಲದಲ್ಲಿ ಬಹುಮಾನದ ಚೀಟಿ ನಡೆಸಬಹುದೇ? ಭಾರತೀಯ ನ್ಯಾಯ ಸಂಹಿತೆಯು 2024ರ ಜುಲೈ 1ರಿಂದ ಜಾರಿಗೆ ಬಂದಾಗ ಹಳೆಯ 294-ಎ ಕಲಮು 297ನೆಯ ಕಲಮಾಗಿ ಮುಂದುವರಿಯಿತು. ರಾಜ್ಯ ಸರ್ಕಾರದ್ದಲ್ಲದ, ಅದರ ಅನುಮತಿಯನ್ನೂ ಪಡೆಯದ ಲಾಟರಿಗಾಗಿ ಕಚೇರಿ ಅಥವಾ ಸ್ಥಳವನ್ನು ಇರಿಸಿಕೊಂಡವರಿಗೆ ಆರು ತಿಂಗಳವರೆಗಿನ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು; ಪ್ರಸ್ತಾಪವನ್ನು ಪ್ರಕಟಿಸಿದವರಿಗೆ 5,000 ರೂಪಾಯಿಗಳವರೆಗೆ ದಂಡ. ತಮಗೆ ಕಚೇರಿಯೇ ಇಲ್ಲವೆಂದು ಹೇಳುವವರನ್ನೂ ಈ ಎರಡನೆಯ ಭಾಗವು ಬಿಡುವುದಿಲ್ಲ. ಚೀಟಿಯ ಆಹ್ವಾನವನ್ನು ಹಂಚಿದ ಸಂದೇಶವೇ ಪ್ರಕಟಣೆಯೆನಿಸಬಹುದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣ ಕಟ್ಟಿ ಹಣದ ಆಸೆಯಿಂದ ಆಡುವ ಆಟಗಳನ್ನು, ಕೌಶಲದವಾಗಲಿ ಅದೃಷ್ಟದವಾಗಲಿ, ನಿಷೇಧಿಸುವ ನಿಲುವು ತಳೆದಿದೆ. ಚೀಟಿ ಎತ್ತುವ ಯೋಜನೆಯೊಂದು ಅದರ ವ್ಯಾಪ್ತಿಗೆ ಬರುವುದೇ ಎಂಬುದು ಆ ಯೋಜನೆಯ ಸ್ವರೂಪವನ್ನು ಅವಲಂಬಿಸಿದೆ. ಬಾರದಿದ್ದರೂ 297ನೆಯ ಕಲಮು ಇದ್ದೇ ಇದೆ.

ಮೂರು ಅಂಶಗಳನ್ನು ನೆನಪಿಟ್ಟರೆ ಸಾಕು: ಹಣ ತೆರುವುದು, ಅದೃಷ್ಟದಿಂದ ನಿರ್ಣಯವಾಗುವುದು, ಬಹುಮಾನ ದೊರೆಯುವುದು. ಈ ಮೂರೂ ಕೂಡಿದಲ್ಲಿ ಅದು ಲಾಟರಿ. ಅದಕ್ಕೆ ‘ಸಹಾಯಾರ್ಥ ಕೂಪನ್’ ಎಂದಾಗಲಿ ‘ಭಾಗ್ಯಶಾಲಿ ದಾನಿ ಯೋಜನೆ’ ಎಂದಾಗಲಿ ಹೆಸರಿಟ್ಟ ಮಾತ್ರಕ್ಕೆ ವಸ್ತು ಬದಲಾಗದು. ಬ್ರಿಟನ್ನಿನಲ್ಲಿ 2005ರ ಕಾಯಿದೆಯ ಪ್ರಕಾರ ಸೇವಾಸಂಸ್ಥೆಗಳು ಸ್ಥಳೀಯ ಆಡಳಿತದಲ್ಲಿ ನೋಂದಾಯಿಸಿಕೊಂಡು ಸಣ್ಣ ಲಾಟರಿಗಳನ್ನು ನಡೆಸಬಹುದು. ಅಲ್ಲಿ ನೆಲೆಸಿದ ಬಂಧುಗಳು ಕಂಡ ಪದ್ಧತಿಯನ್ನು ಇಲ್ಲಿಯ ಬಸದಿಗೆ ತರುವುದು ನ್ಯಾಯಸಮ್ಮತವಾಗುವುದಿಲ್ಲ. ಕಾನೂನು ಆಯಾ ದೇಶದ್ದು.

ಧರ್ಮದ ವಿಚಾರವಾದರೋ ದೇಶದೊಂದಿಗೆ ಬದಲಾಗುವುದಿಲ್ಲ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನಕ್ಕೆ ವಿಶೇಷತೆ ಬರುವುದೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಚೀಟಿಯಿಂದ ಬಂದ ಹಣದಲ್ಲಿ ಪಾತ್ರ ಒಳ್ಳೆಯದಿರಬಹುದು, ದ್ರವ್ಯವೂ ನ್ಯಾಯಾರ್ಜಿತವಿರಬಹುದು. ಆದರೆ ವಿಧಿ ಕೆಟ್ಟಿತು, ದಾತೃವಿನ ಭಾವವೂ ಕದಡಿತು. ಆತನು ನೂರು ರೂಪಾಯಿ ಕೊಟ್ಟುದು ಬಸದಿಯ ಶಿಖರಕ್ಕೋ ಕಾರಿಗೋ ಎಂಬುದನ್ನು ಆತನೇ ಹೇಳಲಾರ. ಫಲಾಪೇಕ್ಷೆಯ ನಿದಾನವು ಶಲ್ಯತ್ರಯದಲ್ಲಿ ಒಂದು. ಬಹುಮಾನದ ಆಸೆಯಿಂದ ಕೊಟ್ಟ ಹಣದಲ್ಲಿ ಆ ಮುಳ್ಳು ಕೊಡುವಾಗಲೇ ನೆಟ್ಟಿರುತ್ತದೆ. ಗೆದ್ದವನಿಗೆ ಲೋಭ ಬೆಳೆಯುತ್ತದೆ, ಸೋತ ನೂರಾರು ಜನರಿಗೆ ಕೊಟ್ಟ ತೃಪ್ತಿಯೂ ಉಳಿಯುವುದಿಲ್ಲ.

ಅಭಿಷೇಕದ ಕಲಶಕ್ಕೆ ನಡೆಯುವ ಸವಾಲೂ ಇಂತಹುದೇ ಅಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಸವಾಲಿನಲ್ಲಿ ಪ್ರತಿಷ್ಠೆಯ ದೋಷ ನುಸುಳುವುದುಂಟು; ಅದು ವಿಚಾರಾರ್ಹವೇ. ಆದರೆ ಅಲ್ಲಿ ಅದೃಷ್ಟದ ಪಾತ್ರವಿಲ್ಲ. ಕೊಡುವವನಿಗೆ ತಾನು ಕೊಡುತ್ತಿರುವುದೆಷ್ಟು, ಪಡೆಯುತ್ತಿರುವ ಸೇವೆ ಯಾವುದು ಎಂಬುದು ಗೊತ್ತಿರುತ್ತದೆ. ಸವಾಲು ದೊರೆಯದವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಒಬ್ಬನ ಲಾಭವು ಅನೇಕರ ನಷ್ಟದಿಂದ ಹುಟ್ಟುವುದು ದ್ಯೂತದ ಲಕ್ಷಣ. ಸವಾಲಿಗೆ ಅದು ಅನ್ವಯಿಸದು.

ಹಣ ಸಾಲದಿದ್ದಾಗ ಏನು ಮಾಡಬೇಕೆಂಬುದಕ್ಕೆ ಕನ್ನಡ ನಾಡಿನ ಜೈನ ಪರಂಪರೆಯಲ್ಲಿಯೇ ಆದರ್ಶವಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಪಡೆದವರಿಂದ ಆಕೆ ಏನನ್ನೂ ಬಯಸಲಿಲ್ಲ. ಅಷ್ಟು ಸಿರಿ ಇಂದು ಒಂದೇ ಮನೆಯಲ್ಲಿ ಇರಲಿಕ್ಕಿಲ್ಲ. ಆದರೆ ಮನೆಮನೆಯಿಂದ ತಿಂಗಳಿಗಿಷ್ಟೆಂದು ಪಡೆದು, ರಶೀದಿ ಕೊಟ್ಟು, ವರ್ಷಾಂತ್ಯದಲ್ಲಿ ಲೆಕ್ಕವನ್ನು ಬಸದಿಯ ಫಲಕದ ಮೇಲೆ ಬರೆದಿಡಲು ಯಾವ ಕಾನೂನೂ ಅಡ್ಡಿಯಿಲ್ಲ. ಅದೇ ದೂರವಾಣಿ, ಅದೇ ಅಂತರಜಾಲ ಈ ಕಾರ್ಯಕ್ಕೂ ಒದಗುತ್ತವೆ. ಕೆಲಸ ಎರಡು ವರ್ಷ ತಡವಾಗಬಹುದು. ತಡವಾಗಿ ಎದ್ದ ಗೋಡೆಯ ಬಗ್ಗೆ ಯಾರೂ ನಾಚಬೇಕಾಗಿಲ್ಲ. ಸಪ್ತವ್ಯಸನಗಳ ತ್ಯಾಗವನ್ನು ಬೋಧಿಸುವ ಬಸದಿಯು ಅವುಗಳಲ್ಲಿ ಮೊದಲನೆಯದರ ಹಣದಿಂದ ಎದ್ದರೆ, ಅಲ್ಲಿ ಕುಳಿತು ಪಾಠ ಕೇಳುವ ಮಕ್ಕಳಿಗೆ ಹಿರಿಯರು ಕೊಡಬಹುದಾದ ಉತ್ತರ ಯಾವುದೂ ಇರುವುದಿಲ್ಲ.