ಗಾಳಿ ಅಳೆಯೋ ಪುಟ್ಟ ಮೀಟರ್: ವಿಜಯನಗರದವರು ತಿಳಿದಿರಬೇಕಾದ್ದು

ವಿಜಯನಗರದ ಮಾರುತಿ ಮಂದಿರ, ಕಾರ್ಡ್ ರೋಡ್ ಕಡೆ ಬೆಳಗ್ಗೆ ಶಟರ್ ಎತ್ತಿದರೆ ರಾತ್ರಿವರೆಗೂ ಅಂಗಡಿಯವರು ಕೂರೋದು ರಸ್ತೆಗೆ ಮುಖ ಮಾಡಿಯೇ. ಗಾಳಿ ಅಳೆಯುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರಗಳು ಇಲ್ಲಿಗೆ ಹತ್ತಿರ ಅಂದರೆ ಸಾಣೆಗುರುವನಹಳ್ಳಿ, ಬಾಪೂಜಿನಗರದಲ್ಲಿವೆ. ಅಲ್ಲಿನ ಅಂಕಿ ನಿಮ್ಮ ಕ್ರಾಸ್‌ನ ಅಂಕಿಯಲ್ಲ. ಅದಕ್ಕೇ ವೈಟ್‌ಫೀಲ್ಡ್ ಕಡೆಯ ನಿವಾಸಿಗಳು ಕಡಿಮೆ ಬೆಲೆಯ ಸೆನ್ಸರ್ ಹಾಕಿಕೊಂಡು ತಾವೇ ಅಳೆದು ನೋಡಿದರು.

ಇದು ಕೆಲಸ ಮಾಡೋದು ಸರಳ. ಪುಟ್ಟ ಫ್ಯಾನ್ ಗಾಳಿ ಎಳೆಯುತ್ತೆ, ಲೇಸರ್ ಬೆಳಕು ಧೂಳಿಗೆ ಬಡಿದು ಚದುರುತ್ತೆ, ಚದುರಿದ ಬೆಳಕಿನಿಂದ ಪಿಎಂ 2.5 ಎಷ್ಟು ಅಂತ ಅಂದಾಜು. ಪಿಎಂ 2.5 ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣ. ನೈಟ್ರೋಜನ್ ಡೈಆಕ್ಸೈಡ್‌ನಂಥ ಅನಿಲ ಇದರ ಕಣ್ಣಿಗೆ ಬೀಳಲ್ಲ.

2009ರ ದೇಶದ ಮಾನದಂಡದಂತೆ ಮಿತಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 15. ಎರಡೂ 24 ಗಂಟೆಯ ಸರಾಸರಿ. ಹಾಗಾಗಿ ಬಸ್ ಒಂದು ಹೊಗೆ ಉಗುಳಿ ಹೋದಾಗ ಮೀಟರ್ ಜಿಗಿದರೆ ಗಾಬರಿ ಬೇಡ.

ಮೀಟರ್‌ನ ದೊಡ್ಡ ತೊಂದರೆ ತೇವ. ಮಂಜು, ಮಳೆ ದಿನ ಹೆಚ್ಚು ತೋರಿಸುತ್ತೆ. ಆದ್ದರಿಂದ ಮೊದಲು ಕೆಲವು ವಾರ ಮಂಡಳಿಯ ಕೇಂದ್ರದ ಪಕ್ಕದಲ್ಲೇ ಇಟ್ಟು ಅಂಕಿ ಹೋಲಿಸಿ ನೋಡಬೇಕು. ಕೇಂದ್ರದ ಅಂಕಿ ಸಮೀರ್ ಆ್ಯಪ್‌ನಲ್ಲಿ ಸಿಗುತ್ತೆ. ದೋಸೆ ಹಂಚು, ಊದುಬತ್ತಿ ಹತ್ತಿರ ಇಟ್ಟರೆ ಅದು ಅಳೆಯೋದು ನಿಮ್ಮ ಅಂಗಡಿಯನ್ನ, ರಸ್ತೆಯನ್ನಲ್ಲ.

ಇದರ ಅಂಕಿಯನ್ನ ಸರ್ಕಾರಿ ಅಳತೆಗೆ ಸಮ ಅಂತ ಹಿಡಿಯೋದಿಲ್ಲ. ಆದರೆ ಕಸ ಸುಟ್ಟ ಹೊತ್ತು, ದಿನಾಂಕ, ಫೋಟೋ ಜೊತೆಗೆ ಕೊಟ್ಟರೆ ದೂರಿಗೆ ತೂಕ ಬರುತ್ತೆ.