ಒತ್ತಡದ ಗುಳಿಗೆ, ಹೆಬ್ಬೆರಳ ನೋವು



ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ರೋಗಕ್ಕೂ ಔಷಧಕ್ಕೂ ಒಂದೊಂದು ಚರಿತ್ರೆಯುಂಟು. ಅದನ್ನು ಹೇಳುವ ಸಲಿಗೆಯನ್ನಷ್ಟೇ ಇಂದು ತೆಗೆದುಕೊಳ್ಳುತ್ತಿದ್ದೇನೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆ ನನ್ನ ವಯಸ್ಸಿನವರು ನಾಲ್ವರು ಕೂಡಿದರೆ ಮಾತು ಬಿ.ಪಿ. ಗುಳಿಗೆಯ ಕಡೆಗೆ ಹೊರಳುತ್ತದೆ. ಅವರಲ್ಲೊಬ್ಬರು ಕಾಲಿನ ಹೆಬ್ಬೆರಳು ಬಾತು, ಅಥಣಿಯ ಚಪ್ಪಲಿ ಮೆಟ್ಟಲಾರದೆ ಕುಳಿತಿರುತ್ತಾರೆ. ಇವೆರಡಕ್ಕೂ ನಂಟುಂಟೆ?

ನೋವು ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ‘ವಾತರಕ್ತ’ಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ‘ಆಢ್ಯವಾತ’ ಎಂಬುದು ಅದರ ಇನ್ನೊಂದು ಹೆಸರು. ಎಂದರೆ ಉಳ್ಳವರ ವಾತ. ಗ್ರೀಕರು ಇದನ್ನು ಕಾಲು ಹಿಡಿಯುವ ಬಲೆ ಎಂದು ಕರೆದರು. ಈ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುತ್ತದೆಂದು 1848ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ತೋರಿಸಿಕೊಟ್ಟನು.

ಒತ್ತಡದ ಔಷಧದ ಕಥೆ ಈಚಿನದು. ಸರ್ಪಗಂಧಿಯ ಬೇರು ಒತ್ತಡವನ್ನು ಇಳಿಸುವುದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರ ಲೇಖನ ಬ್ರಿಟಿಷ್ ಪತ್ರಿಕೆಯಲ್ಲಿ ಬಂದ ಮೇಲೆ ಪಶ್ಚಿಮದ ಗಮನ ಇತ್ತ ಹರಿಯಿತು. 1958ರಲ್ಲಿ ಅಮೆರಿಕದಲ್ಲಿ ಕ್ಲೋರೊಥಯಾಜೈಡ್ ಮಾರಾಟಕ್ಕೆ ಬಂತು. ಅದು ಮೂತ್ರಪಿಂಡದ ಮೂಲಕ ಉಪ್ಪನ್ನೂ ನೀರನ್ನೂ ಹೊರಹಾಕಿ ಒತ್ತಡವನ್ನು ತಗ್ಗಿಸಿತು. ಆದರೆ ಉಪ್ಪಿಗೆ ಬಾಗಿಲು ತೆರೆದ ಗುಳಿಗೆ ಯೂರಿಕ್ ಆಮ್ಲಕ್ಕೆ ಬಾಗಿಲನ್ನು ಕಿರಿದುಮಾಡಿತು. ಹೀಗೆ ಒಳಗುಳಿದ ಆಮ್ಲ ಕೆಲವರ ಕೀಲುಗಳಲ್ಲಿ ಸೂಜಿಯಂಥ ಹರಳಾಗಿ ಕೂಡುತ್ತದೆ. ಬಹುಮಟ್ಟಿಗೆ ಮೊದಲು ಹೆಬ್ಬೆರಳಲ್ಲೇ. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಹೆಸರಾಗಿದ್ದ ಅಡೆಲ್ಫೇನ್-ಎಸಿಡ್ರೆಕ್ಸ್ ಗುಳಿಗೆಯಲ್ಲಿ ಸರ್ಪಗಂಧಿಯ ಸತ್ವವೂ ಈ ಜಾತಿಯ ಔಷಧವೂ ಒಟ್ಟಿಗಿದ್ದವು.

ದಾರಿ ಅಲ್ಲಿಗೇ ಮುಚ್ಚಲಿಲ್ಲ. ಯೂರಿಕ್ ಆಮ್ಲವನ್ನು ತಗ್ಗಿಸುವ ಅಲೋಪ್ಯೂರಿನಾಲ್ ಕಂಡುಹಿಡಿದ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಅವರಿಗೂ ಪ್ರೊಪ್ರನಲಾಲ್ ಕೊಟ್ಟ ಜೇಮ್ಸ್ ಬ್ಲ್ಯಾಕ್ ಅವರಿಗೂ 1988ರ ನೊಬೆಲ್ ಒಟ್ಟಿಗೇ ಸಂದಿತು. ಮೂತ್ರ ಹೆಚ್ಚಿಸುವ ಗುಳಿಗೆಗಳಿಂದ ವಾತರಕ್ತದ ಸಂಭವ ಹೆಚ್ಚು, ಲೊಸಾರ್ಟನ್ ಮತ್ತು ಆಮ್ಲೊಡಿಪಿನ್‌ನಂಥವುಗಳಿಂದ ಕಡಿಮೆ ಎಂದು 2012ರಲ್ಲಿ ಬ್ರಿಟನ್ನಿನ ರೋಗಿಗಳ ಅಧ್ಯಯನವೊಂದು ಹೇಳಿತು.

ಇಷ್ಟು ಕೇಳಿ ಯಾರೂ ಮನೆಗೆ ಹೋಗಿ ಗುಳಿಗೆ ಚೆಲ್ಲಬಾರದು. ನಾನು ಹೆದರುವುದು ಅದಕ್ಕೇ. ಬೆರಳ ನೋವು ಕೂಗಿ ಹೇಳುತ್ತದೆ. ಒತ್ತಡ ಸದ್ದಿಲ್ಲದೆ ಲಕ್ವ ತರುತ್ತದೆ. ಒತ್ತಡವಿದ್ದವರಲ್ಲಿ, ಮೂತ್ರಪಿಂಡ ಬಳಲಿದವರಲ್ಲಿ ಗುಳಿಗೆಯ ಹಂಗಿಲ್ಲದೆಯೂ ಈ ಆಮ್ಲ ಏರುವುದುಂಟು. ಇನ್ನು ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆಗಳಲ್ಲಿ ಹಲವು ಒತ್ತಡವನ್ನೇ ಏರಿಸಬಲ್ಲವು.

ನಮ್ಮ ಭಾಗದಲ್ಲಿ ಒಬ್ಬರಿಗೇ ಎರಡು ಊರಿನ ವೈದ್ಯರಿರುತ್ತಾರೆ. ಒತ್ತಡಕ್ಕೆ ಬೆಳಗಾವಿ, ಕೀಲಿಗೆ ಮಿರಜ, 1894ರಲ್ಲಿ ಡಾ. ವಾನ್ಲೆಸ್ ಅವರ ಆಸ್ಪತ್ರೆ ತಲೆಯೆತ್ತಿದ ಊರು. ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣದು. ಎರಡೂ ಚೀಟಿಗಳನ್ನು ಒಂದೇ ಚೀಲದಲ್ಲಿ ಒಯ್ದು ತೋರಿಸಿರಿ. ಗುಳಿಗೆ ಬದಲಿಸುವ ಕೆಲಸ ವೈದ್ಯರದು. ನೋವನ್ನು ಮುಚ್ಚಿಡದೆ ಹೇಳುವುದು ನಮ್ಮದು.