ದೈವದ ಮೌನವೂ ನಮ್ಮ ನಾಡಿನ ಚರಿತ್ರೆಯೂ

ಶಾಸ್ತ್ರವಿಚಾರದಲ್ಲಿ ಒಂದೊಂದು ಅಧಿಕರಣಕ್ಕೂ ಐದು ಅಂಗಗಳುಂಟೆಂದು ಪಾಠಶಾಲೆಯಲ್ಲಿ ನಮಗೆ ಹೇಳಿಕೊಡುತ್ತಿದ್ದರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಸಂಶಯವು ಹುಟ್ಟದೆ ವಿಚಾರವು ಆರಂಭವಾಗತಕ್ಕುದೇ ಅಲ್ಲವೆಂಬುದು ಇದರ ತಾತ್ಪರ್ಯವು. ಈ ಪಂಚಾಂಗಗಳನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿ, ಮುಂದೆ ಉಪಾಧ್ಯಾಯವೃತ್ತಿಯಲ್ಲಿ ಅನೇಕ ವರ್ಷ ಮಕ್ಕಳಿಗೂ ಹೇಳಿಕೊಟ್ಟೆನು. ಆದರೆ ಸಂಶಯವೆಂಬುದು ಎಂತಹ ಪದಾರ್ಥವೆಂಬುದನ್ನು 2021ನೆಯ ಇಸವಿಯ ಮೇ ತಿಂಗಳವರೆಗೂ ನಾನು ಅರಿತವನಾಗಿರಲಿಲ್ಲ.

ಆ ತಿಂಗಳಲ್ಲಿ ಮಹಾಮಾರಿಯ ಎರಡನೆಯ ಅಲೆಯು ನಮ್ಮ ಬೆಂಗಳೂರನ್ನು ಹೇಗೆ ಕಾಡಿತೆಂಬುದನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ನನ್ನ ಸಹಧರ್ಮಿಣಿಯು ಹತ್ತು ದಿನ ಆಸ್ಪತ್ರೆಯಲ್ಲಿದ್ದಳು. ಒಳಗೆ ಹೋಗಲು ಅಪ್ಪಣೆಯಿರಲಿಲ್ಲ. ವಿಜಯನಗರದ ನಮ್ಮ ಮನೆಯ ದೇವರ ಮುಂದೆ ಕುಳಿತು ಹತ್ತು ದಿನವೂ ಸಹಸ್ರನಾಮವನ್ನು ಪಾರಾಯಣ ಮಾಡಿದೆನು. ಹನ್ನೊಂದನೆಯ ದಿನ ಬೆಳಗಿನ ಜಾವದಲ್ಲಿ ದೂರವಾಣಿಯು ಬಾರಿಸಿತು. ಮಾಗಡಿ ರಸ್ತೆಯ ಕಡೆಯ ಚಿತಾಗಾರವೊಂದರ ಮುಂದೆ ನಾಲ್ಕು ಗಂಟೆ ಕಾಲ ಸಾಲಿನಲ್ಲಿ ಕಾದೆವು. ದೇಹವನ್ನು ಇಳಿಸಿದವರು ನಮ್ಮ ಬಂಧುಗಳಲ್ಲ, ನಮ್ಮ ಮತದವರೂ ಅಲ್ಲ; ಮೈತುಂಬ ಬಿಳಿಯ ಕವಚ ತೊಟ್ಟಿದ್ದ ಯಾರೋ ತರುಣರು. ಅವರಲ್ಲೊಬ್ಬನು, "ತಾತ, ಏನಾದರೂ ಮಂತ್ರ ಹೇಳುವುದಿದ್ದರೆ ಹೇಳಿ, ನಾವು ನಿಂತಿರುತ್ತೇವೆ" ಎಂದನು. ಬಾಲ್ಯದಿಂದ ಕಲಿತ ಮಂತ್ರಗಳಲ್ಲಿ ಒಂದೂ ಆಗ ನನ್ನ ನಾಲಗೆಗೆ ಬರಲಿಲ್ಲ. ಅವರು ನಿಂತೇ ಇದ್ದರು.

ಅಂದಿನಿಂದ ಒಂದು ವರ್ಷ ಪರ್ಯಂತ ನಾನು ಸಂಧ್ಯಾದೀಪವನ್ನು ಹಚ್ಚಲಿಲ್ಲ. ಸೊಸೆಯು ಹಚ್ಚುತ್ತಿದ್ದಳು; ನಾನು ಆ ಹೊತ್ತಿಗೆ ಬೀದಿಗೆ ಹೊರಟುಬಿಡುತ್ತಿದ್ದೆನು. ಇದನ್ನು ಬರೆಯುವುದು ನನ್ನ ದುಃಖವನ್ನು ಮೆರೆಸುವುದಕ್ಕಲ್ಲ. ಕೇಳಿದುದಕ್ಕೆ ದೈವವು ಉತ್ತರ ಕೊಡದಿದ್ದಾಗ ನಮ್ಮ ಹಿಂದಿನವರು ಏನು ಮಾಡಿದರೆಂಬ ಪ್ರಶ್ನೆಗೆ ನಾನು ಹೇಗೆ ಬಂದೆನೆಂಬುದನ್ನು ಹೇಳುವುದಕ್ಕೆ ಮಾತ್ರ.

ಶಾಸ್ತ್ರದಲ್ಲಿ ಇದಕ್ಕೆ ಸಮಾಧಾನವಿಲ್ಲವೆಂದಲ್ಲ. ಬಾಷ್ಕಲಿಯು ಬಾಧ್ವನನ್ನು ಬ್ರಹ್ಮವೆಂದರೇನೆಂದು ಕೇಳಿದ ಕಥೆಯನ್ನು ಶ್ರೀ ಶಂಕರಾಚಾರ್ಯರು ಸೂತ್ರಭಾಷ್ಯದಲ್ಲಿ ಉದಾಹರಿಸಿದ್ದಾರೆ. ಗುರುವು ಸುಮ್ಮನಿದ್ದನು, ಶಿಷ್ಯನು ಮತ್ತೆ ಮತ್ತೆ ಕೇಳಲು, ತಾನು ಹೇಳುತ್ತಲೇ ಇರುವೆನೆಂದೂ ನೀನೇ ತಿಳಿಯದಿರುವೆಯೆಂದೂ ಹೇಳಿ, ಆತ್ಮವು ಶಾಂತಸ್ವರೂಪವೆಂದು ಬೋಧಿಸಿದನು. ಮೌನವೇ ಉತ್ತರವೆಂಬ ಈ ಮಾತನ್ನು ನಾನು ಎಷ್ಟೋ ಸಲ ಉಪನ್ಯಾಸಗಳಲ್ಲಿ ಎತ್ತಿ ಆಡಿದ್ದೆನು. ಆದರೆ ಅದು ಜಿಜ್ಞಾಸುವಿಗೆ ಹೇಳಿದ ಮಾತು. ಬೂದಿಯ ಕುಡಿಕೆಯನ್ನು ಕೈಯಲ್ಲಿ ಹಿಡಿದು ನಿಂತವನಿಗೆ ಅದು ಒದಗಲಿಲ್ಲ. ದೇವರೇ ಇಲ್ಲವೆಂಬ ನಾಸ್ತಿಕಪಕ್ಷವಾದರೂ ಒದಗಿತೋ ಎಂದರೆ ಅದೂ ಇಲ್ಲ. ಇಲ್ಲದವನ ಮೇಲೆ ಅಷ್ಟೊಂದು ಕೋಪವು ಬರತಕ್ಕುದಲ್ಲವಷ್ಟೆ.

ಹೀಗಿರಲು, ಸಂಜೆಯ ತಿರುಗಾಟದಲ್ಲಿ ನಮ್ಮ ಪಡುವಣ ಬೆಂಗಳೂರಿನ ಬಡಾವಣೆಗಳ ಹೆಸರುಗಳೇ ನನಗೆ ಪಾಠ ಹೇಳತೊಡಗಿದವು. ವಿಜಯನಗರ, ಅದರ ಮಗ್ಗುಲಲ್ಲಿ ಹಂಪಿನಗರ, ಆಚೆಗೆ ಬಸವೇಶ್ವರನಗರ, ರಾಜಾಜಿನಗರ. ನಾವು ವಿಳಾಸ ಬರೆಯುವಾಗ ಸರಾಗವಾಗಿ ಬರೆದುಬಿಡುವ ಈ ನಾಮಧೇಯಗಳ ಹಿಂದೆ ಒಂದೊಂದು ಮಹಾದುಃಖವೂ ಒಂದೊಂದು ಮಹಾಮೌನವೂ ಅಡಗಿವೆ.

ಮೊದಲು ಬಸವೇಶ್ವರರ ಹೆಸರನ್ನೇ ನೋಡೋಣ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಕಲ್ಯಾಣದಲ್ಲಿ ಶರಣರು ಕಟ್ಟಿದ ಸಮಾಜವು ಬಹುಕಾಲ ಬಾಳಲಿಲ್ಲ. ಹರಳಯ್ಯ ಮಧುವರಸರ ಮನೆತನಗಳ ನಡುವಣ ವಿವಾಹಸಂಬಂಧವು ರಾಜಕೋಪಕ್ಕೆ ಕಾರಣವಾಯಿತೆಂದೂ, ಅವರಿಗೆ ಘೋರವಾದ ಶಿಕ್ಷೆಯಾಯಿತೆಂದೂ ಪರಂಪರೆಯು ಹೇಳುವುದು. 1167ರ ಸುಮಾರಿಗೆ ಬಿಜ್ಜಳನ ವಧೆಯಾಯಿತು, ಶರಣರು ಚದುರಿಹೋದರು, ಚನ್ನಬಸವಣ್ಣನವರೊಡನೆ ಒಂದು ತಂಡವು ಉಳವಿಯ ಕಾಡನ್ನು ಸೇರಿತು. ಶಿವನನ್ನೇ ನಂಬಿ ಸರ್ವಸ್ವವನ್ನೂ ಒಪ್ಪಿಸಿದವರ ಕಣ್ಣೆದುರಿಗೆ ಅವರ ಕಲ್ಯಾಣವು ಹಾಳಾದಾಗ ಯಾವ ದೈವವೂ ಇಳಿದುಬಂದು ತಡೆಯಲಿಲ್ಲ. ಈಗ ಕೇಳತಕ್ಕ ಪ್ರಶ್ನೆಯಿದು: ಅವರು ವಚನಗಳನ್ನು ಹೊಳೆಗೆ ಎಸೆದರೇ? ಇಲ್ಲ, ಕಂಠದಲ್ಲಿಯೂ ಓಲೆಯ ಕಟ್ಟುಗಳಲ್ಲಿಯೂ ಹೊತ್ತು ನಡೆದರು. ಸುಮಾರು ಇನ್ನೂರೈವತ್ತು ವರ್ಷ ಕಳೆದ ಮೇಲೆ, ಪ್ರೌಢದೇವರಾಯನ ಕಾಲದಲ್ಲಿಯೂ ಅನಂತರದಲ್ಲಿಯೂ, ವಿರಕ್ತರು ಆ ವಚನಗಳನ್ನು ಹುಡುಕಿ ಕೂಡಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನು ಅವುಗಳನ್ನು ಸಂವಾದರೂಪದಲ್ಲಿ ಜೋಡಿಸಿದ ಗ್ರಂಥಕ್ಕೆ 'ಶೂನ್ಯಸಂಪಾದನೆ' ಎಂದು ಹೆಸರಾಯಿತು. ಆ ಹೆಸರಿಗೆ ದಾರ್ಶನಿಕವಾದ ಅರ್ಥವು ಬೇರೆಯುಂಟೆಂಬುದು ನಿಜ. ಆದರೂ ಎಲ್ಲವನ್ನೂ ಕಳೆದುಕೊಂಡವರ ಸಂತತಿಯವರು ಶೂನ್ಯವನ್ನೇ ಸಂಪತ್ತೆಂದು ಕರೆದ ಧೈರ್ಯವು ಆಶ್ಚರ್ಯಕರವಲ್ಲವೆ?

ಎರಡನೆಯದು ವಿಜಯನಗರ. ಪುರಂದರದಾಸರು 1564ರಲ್ಲಿ ಹಂಪಿಯಲ್ಲಿ ಕಾಲವಾದರೆಂದು ಪ್ರಸಿದ್ಧಿಯುಂಟು. ಮರುವರ್ಷವೇ, 1565ರ ಜನವರಿಯಲ್ಲಿ, ರಕ್ಕಸತಂಗಡಿಯ ಯುದ್ಧವು ನಡೆದು ಪಟ್ಟಣವು ಸೂರೆಹೋಯಿತು. ದಾಸರು ಯಾವ ವಿಠಲನ ಸನ್ನಿಧಿಯಲ್ಲಿ ತಂಬೂರಿ ಮೀಟಿದರೋ ಆ ದೇವಾಲಯವು ಇಂದಿಗೂ ಪೂಜೆಯಿಲ್ಲದೆ ನಿಂತಿರುವುದನ್ನು ಹಂಪಿಗೆ ಹೋದವರೆಲ್ಲರೂ ಕಂಡಿದ್ದಾರೆ. ಅಲ್ಲಿಂದ ಮುಂದೆ ಹರಿದಾಸಸಾಹಿತ್ಯದ ಪ್ರವಾಹವು ಬಹುಕಾಲ ಕ್ಷೀಣವಾಯಿತೆಂದು ಸಾಹಿತ್ಯಚರಿತ್ರಕಾರರು ಹೇಳುವರು. ಹಾಡುವವರ ಕಡೆಯಿಂದಲೂ ಮೌನ, ಕೇಳುವವನ ಕಡೆಯಿಂದಲೂ ಮೌನ. ಈ ಮೌನವನ್ನು ಮುರಿದವರಾರೆಂದರೆ, ರಾಯಚೂರು ಸೀಮೆಯ ಚೀಕಲಪರವಿಯೆಂಬ ಹಳ್ಳಿಯಲ್ಲಿ 1682ರಲ್ಲಿ ಹುಟ್ಟಿ ಕಡುಬಡತನದಲ್ಲಿ ಬೆಳೆದ ದಾಸಪ್ಪನೆಂಬವನು. ಹೊಟ್ಟೆಗಿಲ್ಲದೆ ಊರೂರು ಅಲೆದು, ಕಾಶಿಗೆ ಹೋಗಿ, ಅಲ್ಲಿ ಸ್ವಪ್ನದಲ್ಲಿ ಪುರಂದರದಾಸರಿಂದ ಅಂಕಿತವನ್ನು ಪಡೆದು ವಿಜಯದಾಸರಾದರೆಂದು ಸಂಪ್ರದಾಯವು. ಸ್ವಪ್ನವನ್ನು ಚರಿತ್ರೆಯು ಪರೀಕ್ಷಿಸಲಾರದು. ಅದರ ಫಲವನ್ನು ಮಾತ್ರ ಎಣಿಸಬಹುದು. ಅವರ ಶಿಷ್ಯಪರಂಪರೆಯಲ್ಲಿ ಗೋಪಾಲದಾಸರೂ, 'ಹರಿಕಥಾಮೃತಸಾರ'ವನ್ನು ರಚಿಸಿದ ಮಾನ್ವಿಯ ಜಗನ್ನಾಥದಾಸರೂ ಬಂದರು. ಅರಮನೆಯ ಆಶ್ರಯವೂ ಇಲ್ಲದ, ಭವ್ಯದೇವಾಲಯವೂ ಇಲ್ಲದ ಹಳ್ಳಿಯ ಜಗುಲಿಗಳ ಮೇಲೆ ಹಾಡು ಮತ್ತೆ ಹುಟ್ಟಿತು.

ಮೂರನೆಯದು ನಮ್ಮ ಊರಿನ ಸಮೀಪಕಾಲದ ವೃತ್ತಾಂತವು. ಮೈಸೂರು ರಾಜ್ಯದ ಆ ದಶಕವನ್ನು ವಾಚಕರು ನೆನೆಯಬೇಕು. 1894ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರವರು ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ಅಕಾಲದಲ್ಲಿ ತೀರಿಕೊಂಡರು. ಅವರಿಗೆ ಆಗ ಮೂವತ್ತೊಂದು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ವೈಧವ್ಯದ ದುಃಖದಲ್ಲಿಯೇ ಬಾಲಕನಾದ ಮಗನ ಪರವಾಗಿ ರೀಜೆಂಟರಾಗಿ ರಾಜ್ಯಭಾರವನ್ನು ಹೊತ್ತರು. 1897ರಲ್ಲಿ ಮಗಳ ವಿವಾಹದ ಸಂಭ್ರಮದ ನಡುವೆಯೇ ಮೈಸೂರಿನ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾಯಿತು. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು.

ಆ ಕಾಲದ ಜನರಿಗೆ ಪ್ಲೇಗೆಂದರೆ 'ಇಲಿ ಬೀಳುವುದು.' ಮನೆಯಲ್ಲಿ ಇಲಿ ಬಿದ್ದಿತೆಂದರೆ ಜನರು ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಮಾರಮ್ಮನಿಗೆ ಹರಕೆ ಹೊತ್ತರು. ಪ್ಲೇಗಿನ ಹೆಸರಿನಲ್ಲಿಯೇ ಅಮ್ಮನ ಗುಡಿಗಳೆದ್ದವು. ಅಮ್ಮನು ಎಲ್ಲರಿಗೂ ಉತ್ತರ ಕೊಡಲಿಲ್ಲ. ಆದರೆ ಅದೇ ವರ್ಷಗಳಲ್ಲಿ ಬೇರೆ ಕೆಲವು ಕೆಲಸಗಳೂ ನಡೆದವು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನನು ರೋಗದ ಕ್ರಿಮಿಯನ್ನು ಗುರುತಿಸಿದ್ದನು. 1897ರಲ್ಲಿ ಹಾಫ್ಕಿನನು ಮುಂಬಯಿಯಲ್ಲಿ ಚುಚ್ಚುಮದ್ದನ್ನು ಸಿದ್ಧಪಡಿಸಿದನು. 1898ರಲ್ಲಿ ಕರಾಚಿಯಲ್ಲಿ ಸಿಮೋಂಡನು ಇಲಿಯ ಚಿಗಟವೇ ರೋಗವಾಹಕವೆಂದು ತೋರಿಸಿದನು. ಬೆಂಗಳೂರಿನ ಇಕ್ಕಟ್ಟಾದ ಪೇಟೆಯಿಂದ ಹೊರಗೆ ಗಾಳಿಬೆಳಕುಗಳಿರುವ ಬಸವನಗುಡಿ ಮಲ್ಲೇಶ್ವರಗಳೆಂಬ ಬಡಾವಣೆಗಳು ರೂಪುಗೊಂಡವು. 1897ರಲ್ಲಿ ಮಹಾರಾಣಿಯವರು ಅಸ್ತಿಭಾರವಿಟ್ಟ ವಿಕ್ಟೋರಿಯಾ ಆಸ್ಪತ್ರೆಯು 1900ರಲ್ಲಿ ತೆರೆಯಿತು. ಪತಿಯನ್ನು ರೋಗಕ್ಕೆ ಒಪ್ಪಿಸಿದ ಆ ಸಾಧ್ವಿಯು ತನ್ನ ದೇವರೊಡನೆ ಏಕಾಂತದಲ್ಲಿ ಏನು ವಾದಿಸಿದಳೋ ನಾವು ಕೇಳಿದವರಲ್ಲ. ಅವಳ ಕಾಲದ ಆಸ್ಪತ್ರೆಯಲ್ಲಿ ಇಂದಿಗೂ ಬಡವರು ಮದ್ದು ಪಡೆಯುತ್ತಿರುವುದನ್ನು ಮಾತ್ರ ಕಾಣಬಲ್ಲೆವು.

ಪ್ಲೇಗಿನ ಪ್ರಸ್ತಾಪ ಬಂದಾಗ ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ 'ಸಂಸ್ಕಾರ' ಕಾದಂಬರಿಯನ್ನು ಬಿಡುವಂತಿಲ್ಲ. ಅಲ್ಲಿ ಪ್ರಾಣೇಶಾಚಾರ್ಯರು ಶವಸಂಸ್ಕಾರದ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರವನ್ನು ಕಾಣದೆ ಮಾರುತಿಯ ಗುಡಿಗೆ ಹೋಗಿ ಪ್ರಸಾದ ಕೇಳುವರು. ಹೂವು ಬಲಕ್ಕೂ ಬೀಳದು, ಎಡಕ್ಕೂ ಬೀಳದು. ಈ ಪ್ರಸಂಗವನ್ನು ಹಿಂದೆ ಓದಿದಾಗ ನಮ್ಮ ಸಂಪ್ರದಾಯವನ್ನು ಹಳಿದರೆಂದು ನನಗೆ ಸಿಟ್ಟು ಬಂದಿತ್ತು. 2021ರ ಬಳಿಕ ಒಂದು ಶನಿವಾರ, ವ್ಯಾಸರಾಯರು ಪ್ರತಿಷ್ಠಿಸಿದರೆಂದು ಹೆಸರಾದ ಬ್ಯಾಟರಾಯನಪುರದ ಗಾಳಿ ಆಂಜನೇಯನ ಎದುರಿಗೆ ನಿಂತಿದ್ದಾಗ, ಆ ಆಚಾರ್ಯರ ನಿಲುವು ನನಗೆ ಚೆನ್ನಾಗಿ ಅರ್ಥವಾಯಿತು. ಹೊರಗೆ ಮೈಸೂರು ರಸ್ತೆಯ ಗದ್ದಲ. ಒಳಗೆ ನನಗೆಂದು ಒಂದು ಮಾತೂ ಇಲ್ಲ.

ಇಲ್ಲಿ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: "ಸ್ವಾಮಿ, ನೀವು ಹೇಳಿದ್ದೆಲ್ಲ ಮನುಷ್ಯರ ಸಾಹಸವೇ ಸರಿ. ವಚನಗಳನ್ನು ಉಳಿಸಿದವರು ವಿರಕ್ತರು, ಹಾಡಿದವರು ದಾಸರು, ಚಿಗಟವನ್ನು ಹಿಡಿದವನು ವೈದ್ಯನು. ಇದರಲ್ಲಿ ದೇವರಿಗೇನು ಪಾಲು?" ಆಕ್ಷೇಪವು ಬಲವಾದುದು, ಅದನ್ನು ನಾನು ಪೂರ್ಣವಾಗಿ ಖಂಡಿಸಬಲ್ಲೆನೆಂದು ಹೇಳಲಾರೆನು. ಆದರೆ ಒಂದು ಸಂಗತಿಯನ್ನು ಮಾತ್ರ ಗಮನಕ್ಕೆ ತರುವೆನು. ಆ ವಿರಕ್ತರೂ ಆ ದಾಸರೂ ಉತ್ತರವು ಬಂದುದರಿಂದ ಕೆಲಸಕ್ಕೆ ತೊಡಗಿದವರಲ್ಲ. ಉತ್ತರವು ಬಾರದಿದ್ದರೂ ತೊಡಗಿದವರು. ಭಾರತದ ವನಪರ್ವದಲ್ಲಿ ದ್ರೌಪದಿಯು ಧರ್ಮರಾಯನಿಗೆ ಇದೇ ಪ್ರಶ್ನೆಯನ್ನು ಹಾಕುವಳು: ನೀನು ಇಷ್ಟು ಧರ್ಮಿಷ್ಠನು, ನಿನ್ನನ್ನು ಧರ್ಮವೇಕೆ ಕಾಯಲಿಲ್ಲ? ಅದಕ್ಕೆ ಧರ್ಮರಾಯನು ಹೇಳುವ ಉತ್ತರದ ಸಾರವೇನೆಂದರೆ, ತಾನು ಫಲದ ಲೆಕ್ಕ ಹಾಕಿ ಧರ್ಮವನ್ನು ಆಚರಿಸುವವನಲ್ಲ, ಧರ್ಮದಲ್ಲಿ ವ್ಯಾಪಾರ ಮಾಡುವವನು ಅಧಮನು ಎಂಬುದು. ಹತ್ತು ದಿನದ ಪಾರಾಯಣಕ್ಕೆ ಒಂದು ಪ್ರಾಣವನ್ನು ಬೆಲೆಯಾಗಿ ಕೇಳಿದ ನಾನು ಯಾವ ವರ್ಗಕ್ಕೆ ಸೇರಿದವನೆಂದು ಈ ಪ್ರಕರಣವನ್ನು ಮತ್ತೆ ಓದಿದಾಗ ನನಗೆ ಹೊಳೆಯಿತು. ಹಾಗೆಂದು, ಕೇಳಿದುದು ತಪ್ಪೆಂದು ಇಂದಿಗೂ ನನಗೆ ಅನಿಸಿಲ್ಲ. ಹೆಂಡತಿಯ ಪ್ರಾಣಕ್ಕಾಗಿ ಕೇಳದವನು ಮತ್ತಾವುದಕ್ಕೆ ಕೇಳಿಯಾನು?

ಉಳಿದ ಹೆಸರೊಂದು ರಾಜಾಜಿನಗರ. ಚಕ್ರವರ್ತಿ ರಾಜಗೋಪಾಲಾಚಾರ್ಯರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಅವರು ಮುಪ್ಪಿಗೆ ಬಹಳ ಮುಂಚೆಯೇ ಪತ್ನಿಯನ್ನು ಕಳೆದುಕೊಂಡರು. ಮಗಳೊಬ್ಬಳು ಎಳೆಯ ವಯಸ್ಸಿನಲ್ಲಿ ವಿಧವೆಯಾದುದನ್ನು ಕಂಡರು. ಇಂತಹವರು ವೃದ್ಧಾಪ್ಯದಲ್ಲಿ ತಮಿಳಿನಲ್ಲಿ ರಚಿಸಿ, ಎಂ. ಎಸ್. ಸುಬ್ಬುಲಕ್ಷ್ಮಿಯವರ ಕಂಠದಿಂದ ಪ್ರಸಿದ್ಧವಾದ ಕೀರ್ತನೆಯ ಅಭಿಪ್ರಾಯವಾದರೂ ಏನು? ಸ್ವಾಮಿಯು ತೆರೆಯ ಮರೆಯಲ್ಲಿ ಕಣ್ಣಿಗೆ ಕಾಣದೆ ಕಲ್ಲಾಗಿ ನಿಂತಿದ್ದರೂ ತನಗೆ ಕೊರತೆಯೇನೂ ಇಲ್ಲವೆಂಬುದು. ಕೊರತೆಯನ್ನೇ ಕಾಣದವನು ಆಡಿದ್ದರೆ ಈ ಮಾತಿಗೆ ಬೆಲೆಯಿರುತ್ತಿರಲಿಲ್ಲ.

ಇನ್ನು ಸಿದ್ಧಾಂತವೇನೆಂದು ವಾಚಕರು ಕೇಳಬಹುದು. ದೈವವು ನನಗೆ ಮಾತನಾಡಿತೆಂದು ನಾನು ಸುಳ್ಳು ಹೇಳಲಾರೆನು. ನಚಿಕೇತನು ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸವಿದ್ದು ಕಾದನು. ಬಾಗಿಲನ್ನು ಬಿಟ್ಟು ಹೋಗಲಿಲ್ಲ. ಶ್ರದ್ಧೆಯೆಂಬ ಪದಕ್ಕೆ ಆ ಕಾಯುವಿಕೆಗಿಂತ ಹೆಚ್ಚಿನ ಅರ್ಥವನ್ನು ಇಂದು ನಾನು ಮಾಡಲಾರೆನು. ನಮ್ಮ ನಾಡಿನ ಚರಿತ್ರೆಯೂ ಇಷ್ಟನ್ನೇ ಹೇಳುವಂತೆ ತೋರುವುದು.

ಆ ದಿನ ಚಿತಾಗಾರದಲ್ಲಿ ಕವಚ ತೊಟ್ಟು ನಿಂತಿದ್ದ ತರುಣರ ಮುಖಗಳನ್ನು ನಾನು ನೋಡಲಿಲ್ಲ. ಈಗ ಬೀದಿಯಲ್ಲಿ ಎದುರಾದರೂ ಗುರುತಿಸಲಾರೆನು. ಮಂತ್ರವು ಬಾಯಿಗೆ ಬಾರದವನ ಪಕ್ಕದಲ್ಲಿ, ಇನ್ನೂ ಎಷ್ಟೋ ದೇಹಗಳು ಕಾದಿದ್ದಾಗಲೂ, ಅವಸರಪಡಿಸದೆ ಅವರು ನಿಂತಿದ್ದರು. ಅವರೂ ಏನನ್ನೂ ಮಾತನಾಡಲಿಲ್ಲ. ಆ ಮೌನವನ್ನು ನಾನು ಉಪೇಕ್ಷೆಯೆಂದು ಎಂದೂ ಭಾವಿಸಿದವನಲ್ಲ.

ಆಕೆಯ ವರ್ಷಾಬ್ದಿಕವು ಮುಗಿದ ಮರುದಿನ ಸಂಜೆ ಸೊಸೆಯು ಕೆಲಸದಿಂದ ಬರುವುದು ತಡವಾಯಿತು. ದೇವರ ಗೂಡಿನಲ್ಲಿ, ನನ್ನಾಕೆಯು ಎಣ್ಣೆ ಅಳೆಯುತ್ತಿದ್ದ ಸಣ್ಣ ಹಿತ್ತಾಳೆಯ ಮಿಳ್ಳೆಯು ಹಾಗೆಯೇ ಇತ್ತು. ಬತ್ತಿಯನ್ನು ಹೊಸೆದು ದೀಪವನ್ನು ಹಚ್ಚಿದೆನು. ಏನನ್ನೂ ಕೇಳಲಿಲ್ಲ. ಅಂದಿನಿಂದ ಹಚ್ಚುತ್ತಿದ್ದೇನೆ.